ಎಲ್ಲರ ನುಡಿ, ಯಾರ ಪಾಲು? ಮಾರಿಷಸ್‌ನ ಅಸ್ಮಿತೆ ಮತ್ತು ಆಡಳಿತ

ವಸಾಹತೋತ್ತರ ದ್ವೀಪರಾಷ್ಟ್ರಗಳ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಮಾರಿಷಸ್ ಒಂದು ಯಶಸ್ಸಿನ ನಿದರ್ಶನವಾಗಿ ಉಲ್ಲೇಖಗೊಳ್ಳುತ್ತದೆ. ಇದಕ್ಕೆ ಕಾರಣವಿಲ್ಲದಿಲ್ಲ. ಏರುತ್ತಿದ್ದ ಜನಸಂಖ್ಯೆ ಮತ್ತು ಕಬ್ಬೊಂದನ್ನೇ ನೆಚ್ಚಿದ ಆರ್ಥಿಕತೆಯನ್ನು ಕಂಡು, ಈ ದ್ವೀಪದ ಶಾಂತಿಯುತ ಏಳಿಗೆಯ ಸಾಧ್ಯತೆ ಕ್ಷೀಣವೆಂದು ಜೇಮ್ಸ್ ಮೀಡ್ ನೇತೃತ್ವದ ವರದಿಯು 1961ರಲ್ಲಿ ಅಭಿಪ್ರಾಯಪಟ್ಟಿತ್ತು. 1968ರ ಮಾರ್ಚ್ 12ರಂದು ಸ್ವತಂತ್ರವಾದ ದೇಶವು ಆ ಅಂದಾಜನ್ನು ಸುಳ್ಳಾಗಿಸಿತು. 1970ರಲ್ಲಿ ರಫ್ತು ಉದ್ಯಮಗಳಿಗೆ ವಿಶೇಷ ಕಾಯ್ದೆ ಬಂದಿತು. 1975ರ ಲೋಮೆ ಒಪ್ಪಂದವು ಸಕ್ಕರೆಗೆ ಯುರೋಪಿನಲ್ಲಿ ಖಚಿತ ಬೆಲೆಯನ್ನು ಒದಗಿಸಿತು. 1977ರಿಂದ ಪ್ರೌಢಶಿಕ್ಷಣ ಉಚಿತವಾಯಿತು. ಸಿದ್ಧ ಉಡುಪು, ಪ್ರವಾಸೋದ್ಯಮ ಮತ್ತು ಹಣಕಾಸು ಸೇವೆಗಳು ಒಂದರ ಹಿಂದೊಂದರಂತೆ ಬೆಳೆದವು. ಆದರೆ ಈ ಯಶಸ್ಸಿನ ಕಥನವು ಒಂದು ಪ್ರಶ್ನೆಯನ್ನು ಬದಿಗೆ ಸರಿಸುತ್ತ ಬಂದಿದೆ. ಪ್ರಭುತ್ವವು ತನ್ನ ಪ್ರಜೆಗಳನ್ನು ಯಾವ ಹೆಸರಿನಿಂದ ಗುರುತಿಸುತ್ತದೆ ಮತ್ತು ಯಾವ ನುಡಿಯಲ್ಲಿ ಅವರೊಡನೆ ವ್ಯವಹರಿಸುತ್ತದೆ ಎಂಬುದೇ ಆ ಪ್ರಶ್ನೆ.

ಮಾರಿಷಸ್‌ಗೆ ಮೂಲನಿವಾಸಿಗಳಿಲ್ಲ. ಫ್ರೆಂಚರ ಆಳ್ವಿಕೆಯ ಹದಿನೆಂಟನೆಯ ಶತಮಾನದಲ್ಲಿ ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕದಿಂದ ಗುಲಾಮರನ್ನು ತರಲಾಯಿತು. ಒಡೆಯರ ಫ್ರೆಂಚನ್ನು ಗುಲಾಮರು ತಮ್ಮ ನಾಲಗೆಗೆ ಒಗ್ಗಿಸಿಕೊಂಡಾಗ ಕ್ರಿಯೋಲ್ ಹುಟ್ಟಿತು. 1810ರಲ್ಲಿ ದ್ವೀಪವನ್ನು ಗೆದ್ದ ಬ್ರಿಟಿಷರು 1835ರಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದರು. ಕಬ್ಬಿನ ತೋಟಗಳ ದುಡಿಮೆಗೆ ಭಾರತದಿಂದ ಕರಾರು ಕೂಲಿಗಳು ಲಕ್ಷಗಟ್ಟಲೆ ಬಂದಿಳಿದರು. ಇವರ ಮಕ್ಕಳೂ ಮೊಮ್ಮಕ್ಕಳೂ ಅದೇ ಕ್ರಿಯೋಲನ್ನು ತಮ್ಮದಾಗಿಸಿಕೊಂಡರು. 2011ರ ಜನಗಣತಿಯ ವೇಳೆಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯ ಮನೆಮಾತು ಕ್ರಿಯೋಲ್ ಆಗಿತ್ತು. ಈ ನೆಲದಲ್ಲೇ ಹುಟ್ಟಿ ಎಲ್ಲರಿಗೂ ಸಮಾನವಾಗಿ ದಕ್ಕಿದ ಸಂಪತ್ತು ಇದಕ್ಕಿಂತ ಬೇರೊಂದಿಲ್ಲ.

ಸ್ವತಂತ್ರ ರಾಷ್ಟ್ರದ ಸಂವಿಧಾನವು ಈ ಸಂಪತ್ತನ್ನು ಗಮನಿಸಲಿಲ್ಲ. ಶಾಸನಸಭೆಯ ಅಧಿಕೃತ ಭಾಷೆ ಇಂಗ್ಲಿಷ್ ಎಂದೂ ಸದಸ್ಯರು ಫ್ರೆಂಚಿನಲ್ಲಿಯೂ ಮಾತನಾಡಬಹುದೆಂದೂ ಅದು ವಿಧಿಸಿತು. ಸದಸ್ಯನಾಗಬಯಸುವವನಿಗೆ ಸಾಕಷ್ಟು ಇಂಗ್ಲಿಷ್ ಬರಬೇಕೆಂಬುದು ಅರ್ಹತೆಯ ಷರತ್ತಾಯಿತು. ಚುನಾವಣಾ ಪ್ರಚಾರದ ಭಾಷಣ ಕ್ರಿಯೋಲಿನಲ್ಲಿ, ಗೆದ್ದ ಮೇಲಿನ ಮಾತು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ಎಂಬ ಈ ಇಬ್ಬಗೆ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದುಬಂದಿತು. ಮತ ಕೇಳುವ ನುಡಿಯೇ ಬೇರೆ, ಆಳುವ ನುಡಿಯೇ ಬೇರೆ ಆದಾಗ ಪ್ರಜೆ ತನ್ನದೇ ಪ್ರಭುತ್ವದೆದುರು ಪರಕೀಯನಾಗುತ್ತಾನೆ.

ನುಡಿಯ ವಿಷಯದಲ್ಲಿ ಮೌನವಾಗಿದ್ದ ಸಂವಿಧಾನವು ಸಮುದಾಯದ ವಿಷಯದಲ್ಲಿ ಬಹಳ ಸ್ಪಷ್ಟವಾಗಿತ್ತು. ಜನರೆಲ್ಲರನ್ನೂ ಹಿಂದೂ, ಮುಸ್ಲಿಂ, ಚೀನೀ ಮೂಲದವರು ಮತ್ತು 'ಸಾಮಾನ್ಯ ಜನ' ಎಂದು ಅದು ನಾಲ್ಕಾಗಿ ವಿಂಗಡಿಸಿತು. ಸಭೆಗೆ ನೇರವಾಗಿ ಆಯ್ಕೆಯಾಗುವ 62 ಸದಸ್ಯರ ಜೊತೆಗೆ, ಸೋತ ಅಭ್ಯರ್ಥಿಗಳಲ್ಲಿ ಕಡಿಮೆ ಪ್ರಾತಿನಿಧ್ಯ ಪಡೆದ ಸಮುದಾಯದವರಿಗೆ ಗರಿಷ್ಠ ಎಂಟು ಸ್ಥಾನಗಳನ್ನು ನೀಡುವ 'ಬೆಸ್ಟ್ ಲೂಸರ್' ಪದ್ಧತಿ ಜಾರಿಗೆ ಬಂದಿತು. ಇದನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. 1967ರ ಚುನಾವಣೆಯಲ್ಲಿ ಸುಮಾರು ಶೇ. 44ರಷ್ಟು ಮತಗಳು ಸ್ವಾತಂತ್ರ್ಯವನ್ನು ವಿರೋಧಿಸಿದ ಪಕ್ಷಕ್ಕೆ ಬಿದ್ದಿದ್ದವು. 1968ರ ಜನವರಿಯಲ್ಲಿ ಪೋರ್ಟ್ ಲೂಯಿ ನಗರ ಕೋಮುಗಲಭೆಯನ್ನು ಕಂಡಿತ್ತು. ಬಹುಸಂಖ್ಯಾತರ ಆಳ್ವಿಕೆಗೆ ಅಂಜಿದವರಿಗೆ ಈ ಎಂಟು ಸ್ಥಾನಗಳು ಅಭಯವನ್ನು ನೀಡಿದವೆಂಬುದನ್ನು ಮರೆಯುವಂತಿಲ್ಲ.

ಆದರೆ ಅಂದಿನ ಅಭಯ ಕ್ರಮೇಣ ಕಟ್ಟಾಯಿತು. ಜನಗಣತಿಯಲ್ಲಿ ಸಮುದಾಯವನ್ನು ಕೇಳಿದ್ದು 1972ರಲ್ಲಿ ಕೊನೆ. ಆಮೇಲಿನ ಲೆಕ್ಕಾಚಾರವೆಲ್ಲ ಆ ಹಳೆಯ ಅಂಕಿಗಳ ಮೇಲೆಯೇ ನಿಂತಿತು. ತನ್ನ ಸಮುದಾಯವನ್ನು ಘೋಷಿಸಲೊಲ್ಲದ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗುತ್ತಿತ್ತು. 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಇದನ್ನು ಹಕ್ಕಿನ ಉಲ್ಲಂಘನೆಯೆಂದು ಪರಿಗಣಿಸಿತು. 2014ರ ತಿದ್ದುಪಡಿ ನೀಡಿದ ವಿನಾಯಿತಿಯಾದರೋ ಆ ಒಂದು ಚುನಾವಣೆಗೆ ಸೀಮಿತವಾಗಿತ್ತು.

ಇದಕ್ಕಿಂತ ಗಹನವಾದ ತೊಡಕು ನಾಲ್ಕನೆಯ ವರ್ಗದಲ್ಲಿದೆ. ಜೀವನ ವಿಧಾನದಿಂದ ಉಳಿದ ಮೂರಕ್ಕೆ ಸೇರದವರೆಲ್ಲ 'ಸಾಮಾನ್ಯ ಜನ' ಎಂಬುದು ಸಂವಿಧಾನದ ನಿರೂಪಣೆ. ಸಕ್ಕರೆ ತೋಟಗಳ ಒಡೆತನದ ಫ್ರೆಂಚ್ ಮನೆತನಗಳೂ ಅದೇ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯೂ ಹೀಗೆ ಒಂದೇ ವರ್ಗಕ್ಕೆ ಸೇರಿದವು. ನಾಡಿಗೆಲ್ಲ ನುಡಿಯನ್ನು ಕೊಟ್ಟವರು ನಾಡಿನ ಲೆಕ್ಕದಲ್ಲಿ ಶೇಷವಾಗಿ ಉಳಿದರು. 1999ರ ಫೆಬ್ರವರಿಯಲ್ಲಿ ಗಾಯಕ ಕಾಯಾ ಪೊಲೀಸರ ವಶದಲ್ಲಿ ಸಾವನ್ನಪ್ಪಿದಾಗ ಭುಗಿಲೆದ್ದ ಗಲಭೆಯನ್ನು ಅಭಿವೃದ್ಧಿಯ ಅಂಕಿ-ಅಂಶಗಳು ಮುಂಗಾಣಲಿಲ್ಲ. ಆ ರೋಷದ ಹಿಂದೆ ಬಡತನದಷ್ಟೇ ಅಗಣ್ಯತೆಯ ನೋವೂ ಇತ್ತು.

ಕ್ರಿಯೋಲಿಗೆ ದೊರೆತ ಮಾನ್ಯತೆಯೂ ಈ ಹಂಚಿಕೆಯ ಅಚ್ಚಿನಲ್ಲಿಯೇ ಬಂದುದು ವಿಪರ್ಯಾಸ. 2011ರಲ್ಲಿ ಅದರ ಬರವಣಿಗೆಗೆ ಅಧಿಕೃತ ಕಾಗುಣಿತ ಸಿದ್ಧವಾಯಿತು. 2012ರಲ್ಲಿ ಅದು ಪ್ರಾಥಮಿಕ ಶಾಲೆಯನ್ನು ಪ್ರವೇಶಿಸಿತು. ಆದರೆ ಪ್ರವೇಶಿಸಿದ್ದು ಹಿಂದಿ, ಉರ್ದು, ತಮಿಳು, ತೆಲುಗು, ಮರಾಠಿ ಮೊದಲಾದ ಪೂರ್ವಜರ ಭಾಷೆಗಳ ಸಾಲಿನಲ್ಲಿ, ಒಂದು ಐಚ್ಛಿಕ ವಿಷಯವಾಗಿ. ಹಿಂದಿಯನ್ನು ಆರಿಸಿಕೊಂಡ ಮಗು ತಾನು ಮನೆಯಲ್ಲಾಡುವ ಕ್ರಿಯೋಲನ್ನು ಬಿಟ್ಟುಕೊಡಬೇಕು. ಪಠ್ಯ ಮತ್ತು ಪರೀಕ್ಷೆಗಳ ಇಂಗ್ಲಿಷ್ ಮಾತ್ರ ಯಾರ ಮನೆಯಲ್ಲೂ ಇಲ್ಲವೆಂಬಷ್ಟು ವಿರಳ. ಎಲ್ಲರ ನುಡಿಯಾಗಿದ್ದುದನ್ನು ಒಂದು ಸಮುದಾಯದ ಪಾಲೆಂಬಂತೆ ಕೊಟ್ಟರೆ, ಅದರ ಒಗ್ಗೂಡಿಸುವ ಗುಣವನ್ನೇ ಕಸಿದುಕೊಂಡಂತಾಗುತ್ತದೆ.

ಬೇರೆ ದಾರಿ ಇರಲಿಲ್ಲವೆನ್ನಲಾಗದು. ಇದೇ ಸಾಗರದ ಸೆಶೆಲ್ಸ್ 1976ರಲ್ಲಿ ಸ್ವತಂತ್ರವಾಗಿ, 1982ರಿಂದ ಮೊದಲ ತರಗತಿಗಳ ಬೋಧನೆಗೆ ಕ್ರಿಯೋಲನ್ನು ಬಳಸಿತು. 1993ರ ಸಂವಿಧಾನದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚಿನೊಡನೆ ಅದಕ್ಕೆ ರಾಷ್ಟ್ರಭಾಷೆಯ ಸ್ಥಾನವನ್ನಿತ್ತಿತು. ಸೆಶೆಲ್ಸಿನ ಜನಸಂಖ್ಯೆ ಕಡಿಮೆ, ಸಮುದಾಯಗಳ ಪೈಪೋಟಿಯೂ ಕಡಿಮೆ. ಅದರ ಮಾದರಿ ಹಾಗೆಯೇ ಮಾರಿಷಸ್‌ಗೆ ಒಗ್ಗದಿರಬಹುದು. ಆದರೂ ಪ್ರವಾಸೋದ್ಯಮಕ್ಕಾಗಲಿ ಹೊರಜಗತ್ತಿನ ವ್ಯವಹಾರಕ್ಕಾಗಲಿ ಕ್ರಿಯೋಲ್ ಅಡ್ಡಿಯೆಂಬ ಅಳುಕಿಗೆ ಅಲ್ಲಿ ಉತ್ತರವಿದೆ.

ಯುನೆಸ್ಕೋದ ಪಟ್ಟಿಯಲ್ಲಿ ಕೂಲಿಗಳು ಬಂದಿಳಿದ ಆಪ್ರವಾಸಿ ಘಾಟ್ 2006ರಲ್ಲಿಯೂ, ಓಡಿಹೋದ ಗುಲಾಮರ ಆಸರೆಯಾಗಿದ್ದ ಲೆ ಮೋರ್ನ್ ಬೆಟ್ಟ 2008ರಲ್ಲಿಯೂ ಸೇರಿದವು. ಸ್ಮಾರಕಗಳಲ್ಲಿಯೂ ಸಮುದಾಯಕ್ಕೊಂದು ಪಾಲು ಸಂದಿತು. ಪಾಲು ಹಂಚುವ ಆಡಳಿತವು ಕಲಹವನ್ನು ತಡೆಯಬಲ್ಲದು, ಜನತೆಯನ್ನು ಕಟ್ಟಲಾರದು. ಶಾಸನಸಭೆಯಲ್ಲಿ ಕ್ರಿಯೋಲಿಗೆ ಅವಕಾಶ ನೀಡುವ ಭರವಸೆಗಳು ಕೇಳಿಬಂದಿವೆ. ಭಾಷಣದ ಅನುಮತಿಯಷ್ಟೇ ಸಾಲದು. ಕಲಾಪದ ದಾಖಲೆ, ಮಸೂದೆಯ ಪಠ್ಯ, ಕಚೇರಿಯ ಅರ್ಜಿ ಮತ್ತು ಮೊದಲ ತರಗತಿಗಳ ಪಾಠ ಕ್ರಿಯೋಲಿನಲ್ಲಿ ಲಭ್ಯವಾಗಬೇಕು. ಅದು ಪೂರ್ವಜರ ಭಾಷೆಗಳೊಂದಿಗೆ ಆಯ್ಕೆಯ ವಿಷಯವಾಗಿರದೆ, ಅವೆಲ್ಲವನ್ನೂ ಕಲಿಯುವವರ ಸಮಾನ ತಳಹದಿಯಾಗಬೇಕು. ಅಲ್ಪಸಂಖ್ಯಾತರ ಪ್ರಾತಿನಿಧ್ಯಕ್ಕೆ ಹುಟ್ಟಿನ ಘೋಷಣೆಯನ್ನು ಬೇಡದ ಬೇರೊಂದು ಭದ್ರತೆಯನ್ನು ಒದಗಿಸಿದ ಬಳಿಕವೇ ಹಳೆಯ ಪದ್ಧತಿಯನ್ನು ಕೈಬಿಡಬೇಕು. ಬದುಕುವುದು ಸಾಧ್ಯವೆಂದು ಮಾರಿಷಸ್ 1961ರ ವರದಿಗೆ ಉತ್ತರ ಕೊಟ್ಟಾಗಿದೆ. ಆ ಬದುಕನ್ನು ತನ್ನ ನುಡಿಯಲ್ಲಿ ಆಳಿಕೊಳ್ಳುವುದು ಸಾಧ್ಯವೆಂದು ತೋರಿಸುವುದು ಇನ್ನೂ ಉಳಿದಿದೆ.