ಹೊಸದಾಗಿ ಪಾಠಕ್ಕೆ ನಿಲ್ಲುವ ಮಗಳಿಗೆ



ಜೂನ್ ತಿಂಗಳ ನಡುವಿಗೆ ನಮ್ಮ ಸೀಮೆಯ ಶಾಲೆಗಳು ಮತ್ತೆ ಬಾಗಿಲು ತೆರೆಯುತ್ತವೆ. ಹಿರಣ್ಯಕೇಶಿಗೆ ಹೊಸ ನೀರು ಬರುವ ಹೊತ್ತಿಗೆ ಗಡಹಿಂಗ್ಲಜದ ಓಣಿಗಳಲ್ಲಿ ಹೊಸ ಪಾಟಿ, ಹೊಸ ದಪ್ತರಗಳು ಕಾಣಿಸಿಕೊಳ್ಳುತ್ತವೆ. ಈ ಸಲ ಅದೇ ಊರಿನಿಂದ, ನನ್ನ ಮೊಮ್ಮಗಳ ವಯಸ್ಸಿನ ಒಬ್ಬ ತರುಣಿ ಪತ್ರ ಬರೆದಿದ್ದಾಳೆ. ಅವಳಿಗೆ ಇಚಲಕರಂಜಿಯ ಒಂದು ಮರಾಠಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಣ ಸೇವಕಿಯಾಗಿ ನೇಮಕವಾಗಿದೆ. “ಮನೆಯಲ್ಲಿ ನಮ್ಮದು ಕನ್ನಡ. ನನ್ನ ಮರಾಠಿಯಲ್ಲಿ ಕನ್ನಡದ ಧಾಟಿ ಕೇಳಿಸುತ್ತದೆ. ಮಕ್ಕಳು ನಕ್ಕರೆ ಏನು ಗತಿ? ಮನೆಮಾತು ಯಾವುದೆಂಬುದನ್ನು ಶಾಲೆಯಲ್ಲಿ ಹೇಳದೆ ಇರುವುದೇ ಒಳಿತಲ್ಲವೇ?” ಎಂದು ಕೇಳಿದ್ದಾಳೆ. ಈ ಪ್ರಶ್ನೆ ನಮ್ಮ ಅನೇಕ ಮನೆಗಳದ್ದಾಗಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಮಗಳೇ, ಮೊದಲು ನಿನಗೆ ಆಶೀರ್ವಾದ. ಬಳಿಕ ನನ್ನದೊಂದು ತಪ್ಪಿನ ಕಥೆ.

ಐವತ್ತು ವರ್ಷಗಳ ಹಿಂದೆ ನಾನು ಪಾಠಕ್ಕೆ ನಿಂತಾಗ ನನ್ನಲ್ಲಿಯೂ ನಿನ್ನ ಭಯವೇ ಇತ್ತು. ಆ ಶಾಲೆಯ ಹೆಸರು ಬೇಡ. ಅಲ್ಲಿ ನಾನು ಕನ್ನಡದ ಒಂದು ಶಬ್ದವನ್ನೂ ಬಾಯಿಂದ ಹೊರಡಿಸುತ್ತಿರಲಿಲ್ಲ. ಎರಡನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ನಾನು ಮರಾಠಿಯಲ್ಲಿ ‘ಪಂಚವೀಸ್’ ಎಂದು ಹೇಳಿದರೆ ಅವನು ಪಾಟಿಯ ಮೇಲೆ 52 ಎಂದು ಬರೆಯುತ್ತಿದ್ದ. ‘ಸತ್ತಾವೀಸ್’ ಎಂದರೆ 72. ವರ್ಗವೆಲ್ಲ ನಗುತ್ತಿತ್ತು. ಒಂದು ದಿನ ಆ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿ ನಾನೂ ನಕ್ಕೆ. ಆ ದಿನದಿಂದ ಹುಡುಗ ಮಾತನಾಡುವುದನ್ನು ಬಿಟ್ಟ. ದೀಪಾವಳಿಯ ರಜೆಯ ಬಳಿಕ ಶಾಲೆಯನ್ನೇ ಬಿಟ್ಟ. ಸೋದರಮಾವನ ಸಂಗಡ ಮಗ್ಗದ ಊರಿಗೆ ಕಾಂಡಿ ಸುತ್ತಲು ಹೋದನೆಂದು ತಿಳಿಯಿತು.

ಮುಂದೆ ಸಂತೆಯಲ್ಲಿ ಅವನ ತಾಯಿ ಎದುರಾದಳು. “ಮಾಸ್ತರ, ನಮ್ಮ ಹುಡುಗಗ ಲೆಕ್ಕ ಚೊಲೋ ಬರತಿತ್ರಿ. ಕಾಯಿಪಲ್ಯಾ ಮಾರಿದ ರೊಕ್ಕಾ ಅವನ ಎಣಿಸಿ ಕೊಡತಿದ್ದ. ಸಾಲ್ಯಾಗ ಯಾಕ ಬರಲಿಲ್ಲೋ ಏನೋ,” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನೋವನ್ನುಂಟುಮಾಡಿತು.

ಕಾರಣವು ನನ್ನ ಕೈಯಳತೆಯಲ್ಲಿಯೇ ಇತ್ತು. ಕನ್ನಡದಲ್ಲಿ ನಾವು ‘ಇಪ್ಪತ್ತೈದು’ ಎನ್ನುತ್ತೇವೆ: ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ್’ನಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಹುಡುಗನು ಕಿವಿಗೆ ಬಿದ್ದ ಕ್ರಮದಲ್ಲಿಯೇ ಬರೆದಿದ್ದನು. ‘ಏಕೋಣತೀಸ್’ ಅಂತೂ ಇನ್ನೂ ತೊಡಕಿನದು: ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29. ನಮ್ಮ ಮಗು ಅದರಲ್ಲಿ ‘ತೀಸ್’ ಎಂಬುದನ್ನಷ್ಟೇ ಹಿಡಿದು 3ರಿಂದ ಪ್ರಾರಂಭಿಸುತ್ತದೆ. ಮರಾಠಿ ಮಾತ್ರ ಬಲ್ಲ ಗುರುಗಳಿಗೆ ಇದು ಹೊಳೆಯದಿದ್ದರೆ ಅವರ ತಪ್ಪಲ್ಲ. ಎರಡೂ ಭಾಷೆ ಬಲ್ಲ ನನಗೆ ಹೊಳೆಯಬೇಕಾಗಿತ್ತು. ನನ್ನ ಕನ್ನಡವನ್ನು ಅಡಗಿಸುವ ಆತುರದಲ್ಲಿ ನಾನು ಆ ಹುಡುಗನ ಕನ್ನಡವನ್ನು ಕಾಣದೆ ಹೋದೆ.

ಆದುದರಿಂದ ನಿನಗೆ ನನ್ನ ಮೊದಲನೆಯ ಮಾತು: ಮನೆಮಾತನ್ನು ಮುಚ್ಚಿಡಬೇಡ. ಇಚಲಕರಂಜಿಯ ಮಗ್ಗಗಳಿಗೆ ಗಡಿಯಾಚೆಯಿಂದ ದುಡಿಯಲು ಬಂದ ಕುಟುಂಬಗಳ ಮಕ್ಕಳು ನಿನ್ನ ವರ್ಗದಲ್ಲಿಯೂ ಇರಬಹುದು. ಅವರು ಏಕೆ ತಪ್ಪುತ್ತಾರೆಂಬುದನ್ನು ತಿಳಿಯಲು ಆ ಶಾಲೆಯಲ್ಲಿ ನಿನಗಿರುವ ಅನುಕೂಲ ಬೇರೆಯವರಿಗೆ ಇರಲಾರದು.

ಮೊದಲ ವಾರ ಪುಸ್ತಕ ಮುಗಿಸುವ ಅವಸರ ಬೇಡ. ಹಜೇರಿ ಕರೆಯುವಾಗ ಹೆಸರಿನ ಸಂಗಡ ಮುಖವನ್ನು ನೆನಪಿಟ್ಟುಕೋ. ಮಧ್ಯಾಹ್ನ ಖಿಚಡಿ ಉಣ್ಣುವ ಹೊತ್ತಿನಲ್ಲಿ ಮಕ್ಕಳ ನಡುವೆ ಕುಳಿತುಕೋ. ವರ್ಗದಲ್ಲಿ ತುಟಿ ಬಿಚ್ಚದ ಮಗು ಅಲ್ಲಿ ತನ್ನ ತಮ್ಮನೊಡನೆ ಯಾವ ಮಾತಿನಲ್ಲಿ ಜಗಳವಾಡುತ್ತದೆಂಬುದು ತಾನಾಗಿಯೇ ತಿಳಿಯುತ್ತದೆ.

ತಪ್ಪನ್ನು ತಿದ್ದುವ ಮೊದಲು ಅದರ ಬೇರನ್ನು ನೋಡು. ಮರಾಠಿಯಲ್ಲಿ ‘ತೋ ಫಳಾ’, ‘ತೀ ಖುರ್ಚಿ’, ‘ತೇ ಟೇಬಲ್’ ಎಂದು ನಿರ್ಜೀವ ವಸ್ತುಗಳಿಗೂ ಮೂರು ಲಿಂಗಗಳು. ನಮಗಾದರೋ ಹಲಗೆಯೂ ‘ಅದು’, ಕುರ್ಚಿಯೂ ‘ಅದು’, ಮೇಜೂ ‘ಅದು’. ಕನ್ನಡದ ಮಗು ‘ತೋ ಖುರ್ಚಿ’ ಎಂದರೆ ಅದು ದಡ್ಡತನವಲ್ಲ. ಶಬ್ದವನ್ನು ಒಂಟಿಯಾಗಿ ಕಲಿಸದೆ ‘ತೀ ಖುರ್ಚಿ’ ಎಂದು ಜೋಡಿಯಾಗಿಯೇ ಕಲಿಸು. ಅಂಕೆಗಳಿಗೆ ಕಡ್ಡಿಗಳ ಕಟ್ಟು ಮಾಡು: ಹತ್ತರ ಎರಡು ಕಟ್ಟು, ಬಿಡಿ ಐದು. ಕಡ್ಡಿಗಳನ್ನು ಮೊದಲು ಕನ್ನಡದಲ್ಲಿ ಎಣಿಸಲು ಬಿಟ್ಟು, ಬಳಿಕ ಮರಾಠಿಯ ಹೆಸರು ಹೇಳಿಸು. 2019ರಲ್ಲಿ ಪುಣೆಯ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ್ ಪಾಚ್’ ಎಂಬ ಸರಳ ರೀತಿಯನ್ನೂ ಸೇರಿಸಿದಾಗ ದೊಡ್ಡ ವಾದವೆದ್ದಿತು. ಗಣಿತಜ್ಞೆ ಮಂಗಲಾ ನಾರಳೀಕರ ಅವರು ಆ ರೀತಿಯನ್ನು ಸಮರ್ಥಿಸಿದರು. ಮರಾಠಿ ಮನೆಯ ಮಕ್ಕಳಿಗೂ ಈ ಅಂಕೆಗಳು ತೊಡಕೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೈ ಎತ್ತಬೇಡ, ನಗೆಗೀಡು ಮಾಡಬೇಡ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾನು ಅಂದು ಹುಡುಗನನ್ನು ಮುಟ್ಟಿರಲಿಲ್ಲ. ಆದರೂ ಅವನಿಗೆ ಬಿದ್ದ ಪೆಟ್ಟು ಕಡಿಮೆಯದಲ್ಲ.

ಹಿರಿಯ ಸಹೋದ್ಯೋಗಿಗಳನ್ನು ಕುರಿತು ಎರಡು ಮಾತು. ಮೂರು ವರ್ಷಗಳ ಶಿಕ್ಷಣ ಸೇವಕಿಯ ಅವಧಿಯಲ್ಲಿ ಮನಸ್ಸು ಅಳುಕುವುದು ಸಹಜ. ಸಮಯಕ್ಕೆ ಮೊದಲೇ ಹೋಗು. ಟಾಚಣವನ್ನು ಹಿಂದಿನ ದಿನವೇ ಬರೆದಿಡು. ತಿಳಿಯದುದನ್ನು ಮುಖ್ಯಾಧ್ಯಾಪಕರಲ್ಲಿ ಸಂಕೋಚವಿಲ್ಲದೆ ಕೇಳು. ನಿನ್ನ ಮರಾಠಿ ತಪ್ಪಿ ಮಕ್ಕಳು ನಕ್ಕರೆ ನೀನೂ ನಕ್ಕು, “ಸರಿಯಾಗಿ ಹೇಗೆ ಹೇಳಬೇಕು?” ಎಂದು ಅವರನ್ನೇ ಕೇಳು. ತಪ್ಪಿದರೆ ನಾಚಬೇಕಾಗಿಲ್ಲವೆಂದು ಅವರು ನಿನ್ನಿಂದಲೇ ಕಲಿಯುವರು. ಗಡಿಯ ವಾದವನ್ನು ಮಾತ್ರ ಶಾಲೆಯ ಹೊಸ್ತಿಲಿನ ಹೊರಗೇ ಬಿಡು. ಮರಾಠಿ ಮನೆಯ ಮಕ್ಕಳೂ ನಿನ್ನವೇ.

ಮರಾಠಿಯನ್ನು ಚೆನ್ನಾಗಿ ಓದಿಕೋ. ಒಂದರ ಪ್ರೀತಿ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ಮಹಾಕವಿಯಾದರು; ಹಲವು ವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳಿದರು. ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಿ.ಎ. ಕುಲಕರ್ಣಿಯವರು ಮರಾಠಿಯ ಶ್ರೇಷ್ಠ ಕಥೆಗಾರರಾದರು. ಇಬ್ಬರೂ ಶಿಕ್ಷಕರೇ.

ಇನ್ನು ತಂದೆತಾಯಿಗಳಿಗೆ ಒಂದು ಬಿನ್ನಹ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಮಾಡುತ್ತದೆ. ನಿಮ್ಮ ಮಗು ಮರಾಠಿ ಶಾಲೆಗೆ ಹೋಗುತ್ತಿದ್ದರೂ ಅಂಥದೊಂದು ಪುಸ್ತಕವನ್ನು ತಂದು ರಾತ್ರಿ ಊಟದ ಮುಂಚೆ ಅರ್ಧ ಗಂಟೆ ಓದಿಸಿರಿ. ಶಾಲೆಯಲ್ಲಿ ಹಿಂದೆ ಬೀಳುವನೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಬೇಡಿರಿ.

ನಮ್ಮ ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಮಗುವನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ವಿಧಿಸಿದರು. ನನ್ನ ಆ ಹುಡುಗನ ತಾಯಿ ಅವನನ್ನು ಶಾಲೆಗೆ ಕಳುಹಿಸಿದ್ದಳು. ಕಳೆದುಕೊಂಡವನು ನಾನು.

ಮಗಳೇ, ನಿನ್ನ ವರ್ಗದಲ್ಲಿ ಯಾವುದಾದರೂ ಮಗು ‘ಪಂಚವೀಸ್’ಗೆ 52 ಎಂದು ಬರೆದರೆ ಅದರ ಬಳಿಗೆ ಹೋಗಿ ಕುಳಿತು, ಮೆಲ್ಲಗೆ “ಇಪ್ಪತ್ತೈದು” ಎಂದು ಹೇಳು. ಆ ಬಳಿಕ ಏನಾಯಿತೆಂಬುದನ್ನು ನನಗೆ ಬರೆದು ತಿಳಿಸು. ದೀಪಾವಳಿಯ ಹೊತ್ತಿಗೆ ನಿನ್ನ ಪತ್ರದ ದಾರಿ ನೋಡುತ್ತಿರುತ್ತೇನೆ.