ನಮ್ಮೂರಿಗೂ ಬರಲಿ ಮೈಸೂರಿನ ಬ್ಯಾಂಡು

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಸ್ಟೇಜು, ಕೀಬೋರ್ಡು, ಆಳೆತ್ತರದ ಸ್ಪೀಕರು, ಸಿನಿಮಾ ಹಾಡು. ಅದು ತಪ್ಪಲ್ಲ, ನಾವೂ ಕುಣಿದಿದ್ದೇವೆ. ಆದರೆ ಹತ್ತಾರು ಜನ ಒಟ್ಟಿಗೆ ಕೂತು ಪಿಟೀಲು, ಕೊಳಲು, ಕ್ಲಾರಿನೆಟ್, ಟ್ರಂಪೆಟ್, ಡ್ರಮ್ ನುಡಿಸುವ ಇನ್ನೊಂದು ಆರ್ಕೆಸ್ಟ್ರಾ ಇದೆ. ಅದರಲ್ಲಿ ಬಣ್ಣ ತುಂಬುವುದಕ್ಕೆ ಫ್ರಾನ್ಸ್ ಮತ್ತು ರಷ್ಯಾದವರು ಹೆಸರಾದವರು. ಅಂಥದ್ದನ್ನು ಬಸವಕಲ್ಯಾಣ, ಹುಮನಾಬಾದಿನಲ್ಲೂ ಕೇಳಿಸಿ ಅಂದರೆ ಬರುವ ಉತ್ತರ ಒಂದೇ: "ನಮ್ಮ ಮಂದಿಗಿ ಅದೆಲ್ಲಿ ತಿಳಿತದ್ರಿ?"

ಈ ಮಾತಿಗೇ ನಮ್ಮ ತಕರಾರು.

ಏನು ತಿಳಿಯುವುದಿಲ್ಲ? ರಷ್ಯಾದ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೋಗಾಗಿ ಒಂದು ಕೃತಿ ಬರೆದ. ಫ್ರಾನ್ಸಿನ ರವೆಲ್ 1922ರಲ್ಲಿ ಅದನ್ನು ಆರ್ಕೆಸ್ಟ್ರಾಕ್ಕೆ ತಂದ. ಅದರಲ್ಲಿ ಒಂದು ಎತ್ತಿನ ಬಂಡಿ ಬರುತ್ತದೆ. ದೊಡ್ಡ ಗಾಲಿಯ ಬಂಡಿ ದೂರದಿಂದ ಬಂದು, ಎದುರಿಗೆ ಗಡಗಡ ಅಂದು, ಮತ್ತೆ ದೂರ ಹೋಗುತ್ತದೆ. ಟ್ಯೂಬಾ ಎಂಬ ದಪ್ಪ ದನಿಯ ಹಿತ್ತಾಳೆ ವಾದ್ಯ ಆ ಭಾರ ಎಳೆಯುತ್ತದೆ. ಎತ್ತಿನ ಬಂಡಿಯ ಸದ್ದು ತಿಳಿಯಲು ನಮಗೆ ಯಾವ ಡಿಗ್ರಿ ಬೇಕು?

ಅದೇ ರವೆಲ್‌ನ 'ಬೊಲೆರೊ' 1928ರದು. ಕಾಲು ಗಂಟೆ ಡ್ರಮ್ಮಿನ ಪೆಟ್ಟು ಬದಲಾಗುವುದಿಲ್ಲ. ಒಂದು ವಾದ್ಯ ಬಿಟ್ಟ ಧಾಟಿಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ, ದನಿ ಏರುತ್ತಾ ಹೋಗುತ್ತದೆ. ಭಜನೆಯಲ್ಲಿ ಒಂದೇ ಸೊಲ್ಲನ್ನು ಸುತ್ತಿ ಸುತ್ತಿ ಏರಿಸುವ ನಮಗೆ ಇದು ಪರದೇಶವೇ? ರಿಮ್‌ಸ್ಕಿ-ಕೊರ್ಸಕೋವ್‌ನ 'ಶೆಹೆರಜಾದೆ'ಯಲ್ಲಿ ಇರುವುದು ಅಲಿಫ್ ಲೈಲಾ ಕಥೆ. ಮಾಣಿಕನಗರದ ಸಂಗೀತ ದರ್ಬಾರಿನಲ್ಲಿ ಕೂತು ಹಿಂದುಸ್ತಾನಿ ಕೇಳುವ ಜನ ಇರುವ ತಾಲೂಕು ನಮ್ಮದು. ನಮ್ಮ ಕಿವಿಯ ಬಗ್ಗೆ ಯಾರೂ ಕನಿಕರ ಪಡಬೇಕಾಗಿಲ್ಲ.

ಇನ್ನೂ ಒಂದು ಮಾತು. ಈ ವಾದ್ಯಗಳು ನಮ್ಮೂರಿಗೆ ಹೊಸವಲ್ಲ. ಮದುವೆ ಮೆರವಣಿಗೆಯ ಬ್ಯಾಂಡಿನವರ ಕೈಯಲ್ಲಿ ಇರುವುದು ಅದೇ ಕ್ಲಾರಿನೆಟ್, ಅದೇ ಟ್ರಂಪೆಟ್. ಡಿಜೆ ಬಂದ ಮೇಲೆ ಅವರ ಕೆಲಸ ಕಡಿಮೆಯಾಯಿತು. ಮಕ್ಕಳು ವಾದ್ಯ ಮುಟ್ಟುತ್ತಿಲ್ಲ. ರಿಮ್‌ಸ್ಕಿ-ಕೊರ್ಸಕೋವ್ ರಷ್ಯಾದ ನೌಕಾಪಡೆಯ ಬ್ಯಾಂಡುಗಳ ಇನ್‌ಸ್ಪೆಕ್ಟರ್ ಆಗಿದ್ದವನು. ಬ್ಯಾಂಡಿನವರ ನಡುವೆ ಕೆಲಸ ಮಾಡಿದವನು ದೊಡ್ಡ ಸಂಗೀತಗಾರ ಅನ್ನಿಸಿಕೊಂಡ. ನಮ್ಮ ಬ್ಯಾಂಡಿನವರನ್ನು ಮಾತ್ರ ನಾವು ಊಟದ ಹೊತ್ತಿಗೆ ಚಪ್ಪರದ ಹೊರಗೆ ನಿಲ್ಲಿಸುತ್ತೇವೆ. ಕಿನ್ನರಿ ಬ್ರಹ್ಮಯ್ಯ, ಡಕ್ಕೆಯ ಬೊಮ್ಮಣ್ಣ ಎಂದು ವಾದ್ಯದ ಹೆಸರು ಹೊತ್ತ ಶರಣರ ಕಲ್ಯಾಣದಲ್ಲಿ ಇದು ನಾಚಿಕೆಗೇಡು.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಈ ಸಂಗೀತದ ದೊಡ್ಡ ಪ್ರೇಮಿ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಹಣ ಕೊಟ್ಟವರು. 1949ರಲ್ಲಿ ಆ ಆರ್ಕೆಸ್ಟ್ರಾ ರಷ್ಯಾದ ಬಲಾಕಿರೆವ್, ಫ್ರಾನ್ಸಿನ ರೂಸೆಲ್ ಇವರ ಸಿಂಫನಿಗಳನ್ನು ರೆಕಾರ್ಡ್ ಮಾಡಿದ್ದು ಅವರ ನೆರವಿನಿಂದ. ರಷ್ಯಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ. 1956ರ ನವೆಂಬರ್ 1ರಂದು ನಮ್ಮ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜ್ಯಪಾಲರಾಗಿದ್ದವರೂ ಅವರೇ. ಅಂದರೆ ಈ ಪರಂಪರೆಯಲ್ಲಿ ನಮಗೂ ಪಾಲಿದೆ.

ಅರಮನೆಯ ಆ ಬ್ಯಾಂಡು ಇಂದು ಪೊಲೀಸ್ ಇಲಾಖೆಯಲ್ಲಿದೆ. ಕರ್ನಾಟಕ ವಾದ್ಯವೃಂದವೂ ಇದೆ, ಇಂಗ್ಲಿಷ್ ಬ್ಯಾಂಡೂ ಇದೆ. ದಸರೆಯಲ್ಲಿ ಅರಮನೆ ಮುಂದೆ ನುಡಿಸುತ್ತಾರೆ, ನಾವು ಟಿವಿಯಲ್ಲಿ ನೋಡುತ್ತೇವೆ. ಅವರ ಸಂಬಳ ಹೋಗುವುದು ಇಡೀ ರಾಜ್ಯದ ತೆರಿಗೆಯಿಂದ. ಹುಮನಾಬಾದಿನ ಅಂಗಡಿಯಲ್ಲಿ ಸಾಬೂನು ಕೊಂಡವನದೂ ಅದರಲ್ಲಿ ಸೇರಿದೆ.

"ಮೊದಲು ನೀರು, ರಸ್ತೆ ಕೊಡ್ರಿ, ಆಮ್ಯಾಲ ಸಂಗೀತ" ಅನ್ನುವವರಿದ್ದಾರೆ. ನೀರು, ರಸ್ತೆ ಬೇಕೇ ಬೇಕು, ಅದಕ್ಕೂ ನಾವು ಬರೆಯುತ್ತೇವೆ. ಆದರೆ ಉತ್ಸವಗಳ ಹೆಸರಲ್ಲಿ ಸ್ಟೇಜಿಗೆ, ಲೈಟಿಗೆ, ಸಿನಿಮಾ ಗಾಯಕರಿಗೆ ಹಣ ಹೇಗೂ ಖರ್ಚಾಗುತ್ತಿದೆ. ಆಗ ಏಳದ ಪ್ರಶ್ನೆ ಕ್ಲಾರಿನೆಟ್ ಕಂಡಾಗ ಮಾತ್ರ ಏಕೆ ಏಳುತ್ತದೆ?

ನಾವು ಕೇಳುವುದು ದೊಡ್ಡದಲ್ಲ. ವರ್ಷಕ್ಕೆ ಒಮ್ಮೆ ಆ ಬ್ಯಾಂಡು ಬಸವಕಲ್ಯಾಣಕ್ಕೆ ಒಂದು ದಿನ, ಹುಮನಾಬಾದಿಗೆ ಒಂದು ದಿನ ಬರಲಿ. ಟಿಕೆಟ್ ಇರಬಾರದು, ವಿಐಪಿ ಸೋಫಾ ಇರಬಾರದು. ಪ್ರತಿ ಕೃತಿಗೆ ಮುಂಚೆ ಎರಡು ನಿಮಿಷ ಕನ್ನಡದಲ್ಲಿ ಹೇಳಲಿ. ಬೆಳಿಗ್ಗೆ ನಮ್ಮ ಊರಿನ ಬ್ಯಾಂಡಿನವರ ಜೊತೆ, ಶಾಲೆ ಮಕ್ಕಳ ಜೊತೆ ಕೂತು ಕಲಿಸಲಿ. ಸಂಜೆ ಮುಂದಿನ ಸಾಲು ಬ್ಯಾಂಡಿನವರಿಗೇ ಇರಲಿ.

ಮೈಸೂರಿನಿಂದ ಇಲ್ಲಿಗೆ ಸುಮಾರು 800 ಕಿ.ಮೀ. ವೋಟು ಕೇಳುವವರಿಗೆ ಆ ದಾರಿ ಎಂದೂ ದೂರವಾಗಿಲ್ಲ. ಮುಂದಿನ ಸಲ ಅವರು ಬಂದಾಗ ನೀವೂ ಕೇಳಿ: ನಮ್ಮ ಬ್ಯಾಂಡು ನಮ್ಮೂರಿಗೆ ಯಾವಾಗ ಬರ್ತದ?