ರಾಜೀನಾಮೆ ಕೊಟ್ಟ ನ್ಯಾಯಮೂರ್ತಿ, ಉಳಿದುಕೊಂಡ ಕಾನೂನು

ಸರ್ ರಾಬರ್ಟ್ ಟ್ರೆಡ್‌ಗೋಲ್ಡ್ ಹೆಸರು ಬಂದಾಗಲೆಲ್ಲ 'ಆತ್ಮಸಾಕ್ಷಿಗಾಗಿ ಕುರ್ಚಿ ಬಿಟ್ಟವರು' ಅಂತ ಹೊಗಳೋದು ರೂಢಿ. ಬಿಟ್ಟಿದ್ದಂತೂ ನಿಜ. 1960ರಲ್ಲಿ ದಕ್ಷಿಣ ರೊಡೇಷಿಯಾದ, ಅಂದ್ರೆ ಇವತ್ತಿನ ಜಿಂಬಾಬ್ವೆಯ, ಬಿಳಿಯರ ಸರ್ಕಾರ 'ಕಾನೂನು ಮತ್ತು ಸುವ್ಯವಸ್ಥೆ ಪಾಲನೆ' ಮಸೂದೆ ತಂದಿತು. ಇದು ಕೋರ್ಟುಗಳನ್ನೇ ಅನ್ಯಾಯದ ಪಾಲುದಾರರನ್ನಾಗಿ ಮಾಡುತ್ತೆ ಅಂತ ಹೇಳಿ ಅವರು ಫೆಡರೇಷನ್ನಿನ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನೇ ಬಿಟ್ಟು ಎದ್ದರು. ಸಣ್ಣ ಮಾತಲ್ಲ ಬಿಡಿ.

ಆದ್ರೆ ಅದಕ್ಕೂ ಮುಂಚೆ? 1936ರಿಂದ 1943ರವರೆಗೆ ಹಗಿನ್ಸ್ ಸರ್ಕಾರದ ನ್ಯಾಯಾಂಗ ಮಂತ್ರಿ ಇದೇ ಟ್ರೆಡ್‌ಗೋಲ್ಡ್. ನಾಡಿನ ಅರ್ಧದಷ್ಟು ನೆಲವನ್ನು ಹಿಡಿಯಷ್ಟು ಬಿಳಿಯರಿಗೆ ಬರೆದುಕೊಟ್ಟ 1930ರ ಭೂ ಹಂಚಿಕೆ ಕಾಯ್ದೆ ಆಗ ಜಾರಿಯಲ್ಲಿತ್ತು. ಆಫ್ರಿಕನ್ನರು ತಮ್ಮದೇ ನಾಡಿನ ಪಟ್ಟಣಗಳಲ್ಲಿ ಇರೋಕೆ ಪಾಸು ಬೇಕಿತ್ತು. ಇವರ ತಾಯಿಯ ತಂದೆ ಜಾನ್ ಸ್ಮಿತ್ ಮೊಫಾಟ್, 1888ರಲ್ಲಿ ಎನ್‌ಡೆಬೆಲೆ ದೊರೆ ಲೊಬೆಂಗುಲನನ್ನು ಬ್ರಿಟಿಷರ ಒಪ್ಪಂದಕ್ಕೆ ಒಪ್ಪಿಸಿದವರು. ಐದೇ ವರ್ಷಕ್ಕೆ ಆ ದೊರೆತನವೇ ಹೋಯ್ತು. ದೊರೆಯ ಬುಲವಾಯೊದಲ್ಲಿ, ಅದು ಬಿಳಿಯರ ಪಟ್ಟಣವಾದ ಮೇಲೆ, 1899ರಲ್ಲಿ ಮೊಮ್ಮಗ ಹುಟ್ಟಿದ್ದು.

ಹಾಗಂತ ರಾಜೀನಾಮೆ ಬರೀ ನಾಟಕ ಅನ್ನೋರ ಮಾತನ್ನ ನಾನು ಒಪ್ಪಲ್ಲ. ನನ್ನ ತಕರಾರೇ ಬೇರೆ. ಇಂತಿಷ್ಟು ವರ್ಷ ಜೈಲು ಕೊಡಲೇಬೇಕು ಅಂತ ಆ ಮಸೂದೆ ನ್ಯಾಯಾಧೀಶನ ಕೈ ಕಟ್ಟಿಹಾಕಿತ್ತು. ಆಗ ಎದ್ದ ಮನುಷ್ಯ, ಒಕ್ಕಲಿನ ನೆಲ ಕಿತ್ತುಕೊಂಡ ಕಾನೂನಿನ ಕೆಳಗೆ ಏಳು ವರ್ಷ ಮಂತ್ರಿಯಾಗಿ ಕೂತಿದ್ದ. ಸ್ವಂತ ಕೈಗೆ ಹಗ್ಗ ಬಿದ್ದಾಗ ಉರಿ ಗೊತ್ತಾಯ್ತು, ಅಷ್ಟೇ. ತಡವಾಯ್ತು. ಆದರೂ ಎದ್ದರಲ್ಲ, ಆ ಲೆಕ್ಕ ಅವರಿಗೆ ಸಲ್ಲಬೇಕು.

ಅಷ್ಟೂ ಮಾಡದವರು ಆಮೇಲೆ ಬಂದವರು. ಟ್ರೆಡ್‌ಗೋಲ್ಡ್ 1977ರಲ್ಲಿ ತೀರಿಕೊಂಡರು. 1980ರಲ್ಲಿ ಸ್ವಾತಂತ್ರ್ಯ ಬಂತು. ಬಿಳಿಯರ ಸೆರೆಯಲ್ಲಿ ಹತ್ತು ವರ್ಷ ಕಳೆದಿದ್ದ ರಾಬರ್ಟ್ ಮುಗಾಬೆ ಪ್ರಧಾನಿಯಾದರು. ಕಾಯ್ದೆ ಮಾತ್ರ ಹೋಗಲಿಲ್ಲ! ಬೈಯುತ್ತಿದ್ದ ಬೆತ್ತ ಕೈಗೆ ಬಂದಾಗ ಯಾರಿಗೆ ತಾನೇ ಬೇಡ ಹೇಳಿ? 1999ರಲ್ಲಿ 'ದಿ ಸ್ಟ್ಯಾಂಡರ್ಡ್' ಪತ್ರಿಕೆಯ ಮಾರ್ಕ್ ಚವುಂಡುಕ ಮತ್ತು ರೇ ಚೋಟೊ, ಸೈನ್ಯದೊಳಗಿನ ದಂಗೆಯ ಸಂಚಿನ ಬಗ್ಗೆ ವರದಿ ಮಾಡಿದ್ದಕ್ಕೆ ಚಿತ್ರಹಿಂಸೆ ಅನುಭವಿಸಿದರು. ಆಮೇಲೆ ಅವರ ಮೇಲೆ ಸುಳ್ಳು ಸುದ್ದಿಯ ಕೇಸು ಹಾಕಿದ್ದು ಅದೇ 1960ರ ಕಾಯ್ದೆಯಡಿ. ಮರುವರ್ಷ ಸುಪ್ರೀಂ ಕೋರ್ಟು ಆ ಕಲಮನ್ನ ಹೊಡೆದುಹಾಕಿತು. ಇಡೀ ಕಾಯ್ದೆ ಹೋಗಿದ್ದು 2002ರಲ್ಲಿ, ಅದೂ 'ಸಾರ್ವಜನಿಕ ಸುವ್ಯವಸ್ಥೆ ಮತ್ತು ಭದ್ರತೆ' ಅನ್ನೋ ಹೊಸ ಕಾಯ್ದೆಗೆ ಜಾಗ ಬಿಟ್ಟು.